ಎಂಬತ್ತು ಜನರ ಒಪಿಡಿಯಲ್ಲಿ ರೋಗಿಯ ಮಾತಿಗೆ ಜಾಗ ಎಲ್ಲಿ?

ಪ್ರಶ್ನೆ: ಮುಧೋಳ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯಾಧಿಕಾರಿಯಾಗಿ ಬಂದು ಕೆಲವು ತಿಂಗಳಾದವು. ಓದಿದ್ದೆಲ್ಲ ಬೆಂಗಳೂರಿನಲ್ಲಿ. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಒಪಿಡಿ, ಸಂತೆಯ ದಿನ 80 ಜನ ಬರುತ್ತಾರೆ. ‘ಡಾಕ್ಟರ್ ಬಾಯಾರು ಚೀಟಿ ಬರೀತಾರ, ಮಾರಿ ಎತ್ತಿ ನೋಡಂಗಿಲ್ಲ’ ಎಂದು ಹೊರಗೆ ಮಾತಾಡಿಕೊಳ್ಳುವುದು ಕಿವಿಗೆ ಬಿದ್ದಿದೆ. ಸೂಜಿ ಮಾಡದಿದ್ದರೆ ಮುನಿಸು. ಮೊನ್ನೆ ಒಬ್ಬ ಅಜ್ಜನ ರಿಪೋರ್ಟಿನಲ್ಲಿ ಅನ್ನನಾಳದ ಕ್ಯಾನ್ಸರ್ ಬಂತು. ಮಕ್ಕಳು ‘ಅಪ್ಪಗ ಹೇಳಬ್ಯಾಡ್ರಿ’ ಎಂದು ಕೈ ಮುಗಿದರು, ನಾನು ಏನೂ ಹೇಳದೆ ಮುಂದೆ ಕಳಿಸಿದೆ. ಅದೇ ವಾರ ಇನ್ನೊಬ್ಬರ ಮಗ ಮೇಜು ಬಡಿದು ಕೂಗಾಡಿದ. ಸಂಜೆ ಮನೆಗೆ ಹೋಗುವಾಗ ನಾನು ಕಲ್ಲಾಗುತ್ತಿದ್ದೇನೆ ಅನ್ನಿಸುತ್ತದೆ. ಇಷ್ಟು ಜನರ ನಡುವೆ ಕರುಣೆಯಿಂದ ನಡೆದುಕೊಳ್ಳುವುದು ಹೇಗೆ?

ಉತ್ತರ: ಡಾಕ್ಟ್ರೇ, ಮೊದಲು ಒಂದು ಭಾರ ಇಳಿಸಿಕೊಳ್ಳಿ. 80 ಜನರ ಮೇಲೂ ಒಂದೇ ಸಮ ಮರುಕ ಹುಟ್ಟಬೇಕು ಎಂದು ಯಾರೂ ನಿಮ್ಮಿಂದ ಬಯಸುತ್ತಿಲ್ಲ, ಅದು ಆಗುವ ಮಾತೂ ಅಲ್ಲ. ನಿಮ್ಮ ಎದೆಯೊಳಗೆ ಏನಿದೆ ಎನ್ನುವುದು ರೋಗಿಗೆ ಕಾಣುವುದಿಲ್ಲ. ನೀವು ಮುಖ ನೋಡಿದಿರಾ, ಮಾತು ಮುಗಿಯುವವರೆಗೆ ಸುಮ್ಮನಿದ್ದಿರಾ, ಕೈ ಹಚ್ಚಿ ನೋಡಿದಿರಾ, ಗುಳಿಗೆಯ ವಿಷಯ ಮನೆಗೆ ಹೋದ ಮೇಲೂ ನೆನಪಿರುವಂತೆ ಹೇಳಿದಿರಾ, ಇವಷ್ಟೇ ಕಾಣುತ್ತವೆ. ಇವೆಲ್ಲ ಐವಿ ಲೈನ್ ಹಾಕುವುದನ್ನು ಕಲಿತಂತೆಯೇ ಕೈಯಿಂದ, ಬಾಯಿಂದ ಕಲಿಯುವ ಕೆಲಸಗಳು. ದೇಶದ ವೈದ್ಯಕೀಯ ಪಠ್ಯಕ್ರಮಕ್ಕೆ ನಡತೆ, ನೀತಿ, ಸಂವಹನ ಒಂದು ಕಡ್ಡಾಯ ಭಾಗವಾಗಿ ಸೇರಿದ್ದು 2019ರ ಬ್ಯಾಚಿನಿಂದ. ಅದಕ್ಕಿಂತ ಮೊದಲು ಓದಿದವರು ಹಿರಿಯರನ್ನು ನೋಡಿ ಕಲಿತರು. ಹಿರಿಯರು ಚಲೋ ಇದ್ದರೆ ಚಲೋ, ಇಲ್ಲದಿದ್ದರೆ ಇಲ್ಲ.

ಇದು ಬರೀ ಸೌಜನ್ಯದ ಮಾತೂ ಅಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 891 ಶುಗರ್ ರೋಗಿಗಳನ್ನು ಅವರ 29 ವೈದ್ಯರೊಂದಿಗೆ ಹೊಂದಿಸಿ ನೋಡಿದ ಅಧ್ಯಯನ 2011ರಲ್ಲಿ ಬಂತು. ರೋಗಿಯ ಕಷ್ಟವನ್ನು ಅರಿಯುವ ಗುಣದಲ್ಲಿ ಹೆಚ್ಚು ಅಂಕ ಪಡೆದ ವೈದ್ಯರ ಕೈಕೆಳಗೆ 56 ಶೇಕಡಾ ಜನರ ಶುಗರ್ ಹತೋಟಿಯಲ್ಲಿತ್ತು, ಕಡಿಮೆ ಅಂಕದವರಲ್ಲಿ 40 ಶೇಕಡಾ. ವೈದ್ಯರ ಮೇಲೆ ವಿಶ್ವಾಸ ಕೂತರೆ ರೋಗಿ ಗುಳಿಗೆ ಬಿಡುವುದಿಲ್ಲ, ಬಿಟ್ಟಿದ್ದರೂ ಅದನ್ನು ಮುಚ್ಚಿಡುವುದಿಲ್ಲ.

ಈಗ ಸಮಯದ ಲೆಕ್ಕ. 240 ನಿಮಿಷ, 80 ಜನ, ತಲೆಗೆ 3 ನಿಮಿಷ. ಇದು ನಿಮ್ಮೊಬ್ಬರ ಪಾಡಲ್ಲ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟವಾದ ವರದಿಯಲ್ಲಿ ಸ್ವೀಡನ್ನಿನ ರೋಗಿಗೆ ಸರಾಸರಿ 22.5 ನಿಮಿಷ, ಬಾಂಗ್ಲಾದೇಶದವನಿಗೆ 48 ಸೆಕೆಂಡು, ನಮ್ಮವರಿಗೆ ಸುಮಾರು 2 ನಿಮಿಷ ಸಿಗುತ್ತಿತ್ತು. 3 ನಿಮಿಷವನ್ನು ಎಲ್ಲರಿಗೂ ಸಮ ಹಂಚುವುದೇ ದೊಡ್ಡ ತಪ್ಪು. ನೆಗಡಿ, ಗಾಯದ ಡ್ರೆಸಿಂಗ್, ಬಿಪಿ ಗುಳಿಗೆ ತೀರಿದವರು ಹೀಗೆ 60 ಜನರಿಗೆ 2 ನಿಮಿಷ ಸಾಕು. 15 ಜನರಿಗೆ 5 ನಿಮಿಷ ಬೇಕು. ಉಳಿದ 5 ಜನರಿಗೆ 9 ನಿಮಿಷ. ಕೂಡಿಸಿ ನೋಡಿ, 240ಕ್ಕೇ ನಿಲ್ಲುತ್ತದೆ. ಆ ಐದು ಜನ ಯಾರು ಎಂದು ಗುರುತಿಸುವುದೇ ನಿಮ್ಮ ಜಾಣತನ: ಇದೇ ತಿಂಗಳಲ್ಲಿ ಮೂರನೇ ಸಲ ಅದೇ ತ್ರಾಸಕ್ಕೆ ಬಂದವರು, ಒಬ್ಬರೇ ಬಂದು ಎಲ್ಲರೂ ಹೋಗಲಿ ಎಂದು ಬೆಂಚಿನ ಮೇಲೆ ಕಾಯುವವರು, ತೂಕ ಇಳಿದವರು, ಕಣ್ಣು ತಪ್ಪಿಸಿ ಮಾತಾಡುವವರು. ಬಿಪಿ-ಶುಗರ್‌ನವರಿಗೆ ವಾರದಲ್ಲಿ ಬೇರೆ ಒಂದು ದಿನ ಗೊತ್ತು ಮಾಡಿ, ಅದು ಸಂತೆಯ ದಿನ ಆಗದಿರಲಿ. ಬಿಪಿ, ತೂಕ, ಜ್ವರ ಒಳಗೆ ಬರುವ ಮೊದಲೇ ಸಿಸ್ಟರ್ ಕೈಯಲ್ಲಿ ಚೀಟಿಯ ಮೇಲೆ ಬರಲಿ.

ಒಮ್ಮೆ ನಿಮ್ಮ ಕೋಣೆ ನೋಡಿಕೊಳ್ಳಿ. ನಮ್ಮ ಬಹಳಷ್ಟು ದವಾಖಾನೆಗಳಲ್ಲಿ ಮೇಜಿನ ಸುತ್ತ ಐದಾರು ಜನ ನಿಂತಿರುತ್ತಾರೆ. ಒಬ್ಬರ ಬಿಳಿ ಸೆರಗಿನ ತ್ರಾಸವನ್ನು ಊರಿನವರೆಲ್ಲ ಕೇಳಬೇಕು. ಇಂಥಲ್ಲಿ ಯಾರೂ ನಿಜ ಹೇಳುವುದಿಲ್ಲ. ಮೈ-ಕೈ ನೋವು ಎಂದು ಹೇಳಿ ಗುಳಿಗೆ ಇಸಿದುಕೊಂಡು ಹೋಗುತ್ತಾರೆ. ಒಳಗೆ ಒಬ್ಬ ರೋಗಿ, ಜೊತೆಗೆ ಒಬ್ಬರು, ಮುಂದಿನವರು ಬಾಗಿಲ ಹೊರಗಿನ ಬೆಂಚಿನ ಮೇಲೆ. ಇದನ್ನು ಅಟೆಂಡರಿಗೆ ವಹಿಸಿ, ಎರಡು ವಾರ ಜಗ್ಗಾಟ ಆಗುತ್ತದೆ, ಆಮೇಲೆ ರೂಢಿ ಬೀಳುತ್ತದೆ. ರೋಗಿಯ ಸ್ಟೂಲನ್ನು ಮೇಜಿನ ಆಚೆ ಇಡಬೇಡಿ. ನಿಮ್ಮ ಬಲಗೈ ಮಗ್ಗುಲಿಗೆ, ಮೇಜಿನ ಮೂಲೆಗೆ ಇಡಿ. ಆಗ ನಾಡಿ ಹಿಡಿಯಲು ಏಳಬೇಕಿಲ್ಲ, ರೋಗಿ ಕೂಗಿ ಹೇಳಬೇಕಿಲ್ಲ. ಸೊಸೆಯ ಜೊತೆ ಅತ್ತೆ ಬಂದಿದ್ದರೆ, ಅಥವಾ ಹೆಂಡತಿಯ ಪರವಾಗಿ ಗಂಡನೇ ಎಲ್ಲ ಹೇಳುತ್ತಿದ್ದರೆ, ಹೊರಗೆ ಹೋಗಿ ಎನ್ನಬೇಡಿ, ಅದರ ಫಲ ಮನೆಯಲ್ಲಿ ಆ ಹೆಣ್ಣುಮಗಳೇ ಉಣ್ಣಬೇಕಾದೀತು. ‘ಹೊಟ್ಟಿ ನೋಡಬೇಕ್ರಿ, ನೀವ್ ಇಲ್ಲೇ ಕುಂದರ್ರಿ’ ಎಂದು ಪರದೆಯ ಆಚೆಗೆ ಕರೆದುಕೊಂಡು ಹೋಗಿ ಅಲ್ಲಿ ಮೆಲ್ಲಗೆ ಕೇಳಿ. ತಾಂಡಾದಿಂದ ಬಂದ ಲಂಬಾಣಿ ಹೆಂಗಸರು, ಕಬ್ಬು ಕಡಿಯಲು ಬಂದ ಮರಾಠಿಯವರು, ಉರ್ದು ಮಾತಾಡುವವರು ಬಂದಾಗ ಜೊತೆಗಿರುವ ಹತ್ತು ವರ್ಷದ ಹುಡುಗನನ್ನು ದುಭಾಷಿ ಮಾಡಬೇಡಿ. ತಾಯಿ ತನ್ನ ಮುಟ್ಟಿನ ಮಾತನ್ನು ಮಗನ ಬಾಯಿಂದ ಹೇಳಿಸುವುದಿಲ್ಲ. ಆ ಭಾಷೆ ಬರುವ ಆಶಾ ಅಥವಾ ಸಿಸ್ಟರ್ ಯಾರು ಎಂದು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ.

ಮೊದಲ ಒಂದು ನಿಮಿಷದಲ್ಲೇ ಅರ್ಧ ಕೆಲಸ ಆಗಬೇಕು. ಚೀಟಿಯಲ್ಲಿನ ಹೆಸರು ಓದಿ, ಮುಖ ನೋಡಿ, ವಯಸ್ಸಿಗೆ ತಕ್ಕಂತೆ ಅಜ್ಜಾರ, ಆಯಿ, ಕಾಕಾರ, ಅಕ್ಕಾರ ಎನ್ನಿ. ಎಂಬತ್ತು ವರ್ಷದವರಿಗೆ ಇಪ್ಪತ್ತಾರರ ಡಾಕ್ಟರು ‘ಏನಾಗೇತಿ ನಿನಗ?’ ಎನ್ನುವುದು ಇನ್ನೂ ನಡೆದಿದೆ. ಇಲ್ಲಿನ ಮಾತಿನಲ್ಲಿ ಒಂದು ‘ರಿ’ ಸೇರಿಸಿದರೆ ಸಾಕು, ಮರ್ಯಾದೆ ತಾನೇ ಬರುತ್ತದೆ. ‘ಏನ್ ತ್ರಾಸ ಐತ್ರಿ?’ ಎಂದು ಕೇಳಿ ಪೆನ್ನು ಕೆಳಗಿಡಿ, ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ. 1984ರ ಒಂದು ಅಮೆರಿಕನ್ ಅಧ್ಯಯನದಲ್ಲಿ ವೈದ್ಯರು ಸರಾಸರಿ 18 ಸೆಕೆಂಡಿಗೆ ರೋಗಿಯ ಮಾತಿಗೆ ಅಡ್ಡ ಬಂದಿದ್ದರು, 2018ರ ಇನ್ನೊಂದರಲ್ಲಿ 11 ಸೆಕೆಂಡಿಗೇ. ಬಿಟ್ಟರೆ ರೋಗಿ ಅರ್ಧ ಗಂಟೆ ಹೇಳುತ್ತಾನೆ ಎಂಬ ಅಂಜಿಕೆ ಇದಕ್ಕೆ ಕಾರಣ. ಸ್ವಿಟ್ಜರ್ಲೆಂಡಿನಲ್ಲಿ 335 ರೋಗಿಗಳಿಗೆ ತಡೆಯಿಲ್ಲದೆ ಮಾತಾಡಲು ಬಿಟ್ಟು ನೋಡಿದರು. ಸರಾಸರಿ 92 ಸೆಕೆಂಡಿಗೆ ಮಾತು ತಾನೇ ಮುಗಿಯಿತು, 78 ಶೇಕಡಾ ಜನ 2 ನಿಮಿಷ ದಾಟಲಿಲ್ಲ. ಅದು ದೊಡ್ಡ ಆಸ್ಪತ್ರೆಗೆ ಕಳಿಸಿದ ಜಟಿಲ ರೋಗಿಗಳ ಲೆಕ್ಕ. ನಿಮ್ಮ ಒಪಿಡಿಯಲ್ಲಿ ಹೆಚ್ಚಿನವರ ಮಾತು ಅದಕ್ಕಿಂತ ಬೇಗ ಮುಗಿಯುತ್ತದೆ. ನಡುವೆ ‘ಹೂಂ’, ‘ಮತ್ತ?’ ಬಿಟ್ಟು ಬೇರೆ ಮಾತು ಬೇಡ.

ಆಮೇಲೆ ಎರಡು ಪ್ರಶ್ನೆ, ಎರಡೂ ಪರೀಕ್ಷೆಗೆ ಮೊದಲು. ‘ಇದನ್ನ ಬಿಟ್ಟ ಮತ್ತೇನರ ಐತೇನ್ರಿ?’ ಇದನ್ನು ಕೇಳದಿದ್ದರೆ ನಿಜವಾದ ತ್ರಾಸ ಬಾಗಿಲಲ್ಲಿ ಬರುತ್ತದೆ. ಚೀಟಿ ಕೈಗೆ ಬಂದ ಮೇಲೆ ತಿರುಗಿ ನಿಂತು, ‘ಎದಿಯಾಗ ಒಂದು ಗಂಟ ಆಗೇತ್ರಿ’ ಎನ್ನುತ್ತಾರೆ. ಆಗ ಕೂರಿಸಿ ಮತ್ತೆ ಮೊದಲಿನಿಂದ ನೋಡಬೇಕು, ಉಳಿಸಿದ ಒಂದು ನಿಮಿಷಕ್ಕೆ ಏಳು ನಿಮಿಷ ಕೊಟ್ಟಂತಾಯಿತು. ಎರಡನೆಯದು, ‘ನಿಮಗ ಏನ್ ಅನಸ್ತೈತ್ರಿ, ಯಾತರಿಂದ ಆಗಿರಬೇಕು?’ ತಲೆನೋವಿಗೆ ಬಂದವಳ ಓಣಿಯಲ್ಲಿ ಯಾರಿಗೋ ಮೆದುಳಲ್ಲಿ ಗಡ್ಡೆ ಆಗಿರುತ್ತದೆ, ಅವಳಿಗೆ ಬೇಕಾದದ್ದು ಗುಳಿಗೆಯಲ್ಲ, ಅದು ಇದಲ್ಲ ಎಂಬ ಮಾತು. ಕೇಳದೆ ಗೊತ್ತಾಗುವುದಿಲ್ಲ. ಮಾಟ, ಕಣ್ಣುಬಿದ್ದದ್ದು ಎಂದು ಹೇಳಿದರೆ ನಗಬೇಡಿ. ದೇವರಿಗೆ ನಡೆದುಕೊಳ್ಳುವುದನ್ನು ಬಿಡಿ ಎಂದೂ ಹೇಳಬೇಕಿಲ್ಲ. ‘ಅದೂ ಇರಲಿ, ಈ ಗುಳಿಗಿನೂ ತಪ್ಪಬಾರದು’ ಎಂದರೆ ಸಾಕು.

ದಕ್ಷಿಣದಿಂದ ಬಂದವರಿಗೆ ಇಲ್ಲೊಂದು ಎಚ್ಚರಿಕೆ ಬೇಕು. ‘ಸಂಕಟ ಆಗತೈತಿ’ ಎಂದರೆ ವಾಕರಿಕೆಯೂ ಆಗಬಹುದು, ಉಸಿರು ಕಟ್ಟುವುದೂ ಆಗಬಹುದು, ಎದೆಯಲ್ಲಿ ಹಿಂಡಿದಂತಾಗುವುದೂ ಆಗಬಹುದು. ‘ಚಕ್ಕರ್’ ಎಂದರೆ ಕೆಲವರಿಗೆ ಕಣ್ಣು ಕತ್ತಲೆ ಬರುವುದು, ಕೆಲವರಿಗೆ ಸುತ್ತಲಿನದೆಲ್ಲ ತಿರುಗುವುದು, ಕೆಲವರಿಗೆ ಬರೀ ನಿಶ್ಶಕ್ತಿ. ‘ಗ್ಯಾಸ್ ಆಗೇತ್ರಿ’ ಎಂದು ಬೆವರು ಒರೆಸಿಕೊಳ್ಳುತ್ತ ಬಂದ ಐವತ್ತು ದಾಟಿದವರಿಗೆ ಆಂಟಾಸಿಡ್ ಬರೆಯುವ ಮೊದಲು ಇಸಿಜಿ ತೆಗೆಯಿರಿ. ಹೃದಯದ ಕೆಳಭಾಗದ ಆಘಾತ ಹೊಟ್ಟೆಯ ಮೇಲ್ಭಾಗದ ಉರಿಯಾಗಿಯೂ ಕಾಣಿಸಿಕೊಳ್ಳಬಹುದು. ‘ಎಲ್ಲಿ ಅಂತ ಕೈ ಇಟ್ಟ ತೋರಸ್ರಿ’ ಎಂದರೆ ಅರ್ಧ ಗೊಂದಲ ಬಗೆಹರಿಯುತ್ತದೆ.

ಕೈ ಹಚ್ಚಿ ನೋಡುವುದು. ರೋಗ ಏನೆಂದು ನಿಮಗೆ ಬಾಗಿಲಲ್ಲೇ ತಿಳಿದಿರಬಹುದು, ಆದರೂ ನೋಡಿ. ನಾಡಿ, ಕಣ್ಣಿನ ಕೆಳಪರೆ, ನಾಲಿಗೆ, ಬೆನ್ನಿಗೆ ಸ್ಟೆತಸ್ಕೋಪು, ಇಷ್ಟಕ್ಕೆ 40 ಸೆಕೆಂಡು. ಹೊಟ್ಟೆ ಮುಟ್ಟುವ ಮೊದಲು ‘ಹೊಟ್ಟಿ ಒತ್ತಿ ನೋಡ್ತೀನ್ರಿ, ಎಲ್ಲಿ ನೋವಾಗತೈತಿ ಹೇಳ್ರಿ’ ಎನ್ನಿ, ನೋವಿರುವ ಜಾಗವನ್ನು ಕೊನೆಗೆ ಮುಟ್ಟಿ. ಬಿಪಿ ನೋಡುವಾಗ ಪಟ್ಟಿಯನ್ನು (ಕಫ್) ಅಂಗಿಯ ತೋಳಿನ ಮೇಲೆ ಸುತ್ತಬೇಡಿ. ಬಿಸಿಲಲ್ಲಿ ನಡೆದು ಬಂದವರನ್ನು 5 ನಿಮಿಷ ಕೂರಿಸಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ, ಹೆಚ್ಚು ಬಂದರೆ ಎರಡನೇ ಸಲ ನೋಡಿ. ಬಂದ ಅಂಕಿಯನ್ನು ರೋಗಿಗೆ ಹೇಳಿ: ‘160 ಐತ್ರಿ, 140ರ ಕೆಳಗ ತರಬೇಕು.’ ಅಂಕಿ ಹೇಳದೆ ‘ಬಿಪಿ ಐತಿ’ ಎಂದರೆ, ತಿಂಗಳು ಗುಳಿಗೆ ನುಂಗಿ ಆರಾಮ ಆಯಿತು ಎಂದು ಬಿಟ್ಟುಬಿಡುತ್ತಾರೆ. ಬಿಪಿಗೆ ನೋವಿಲ್ಲ, ಆದ್ದರಿಂದ ಅವರಿಗೆ ಹಿಡಿದುಕೊಳ್ಳಲು ಆ ಅಂಕಿ ಒಂದೇ ಇರುವುದು.

ಗುಳಿಗೆಯ ಮಾತಿಗೆ ಹೆಚ್ಚು ಹೊತ್ತು ಕೊಡಿ, ಸಂಬಂಧ ಹೆಚ್ಚಾಗಿ ಕೆಡುವುದು ಅಲ್ಲಿ. ವೈದ್ಯರು ಹೇಳಿದ್ದರಲ್ಲಿ 40ರಿಂದ 80 ಶೇಕಡಾ ರೋಗಿಗೆ ಕೂಡಲೇ ಮರೆತುಹೋಗುತ್ತದೆ ಎಂಬುದು ಅಧ್ಯಯನಗಳು ಹೇಳುವ ಮಾತು. ‘ತಿಳೀತೇನ್ರಿ?’ ಎಂದು ಕೇಳುವುದು ವ್ಯರ್ಥ, ಎಲ್ಲರೂ ‘ಹೂಂ ರಿ’ ಎನ್ನುತ್ತಾರೆ. ಕೇಳುವ ಬಗೆ ಬೇರೆ:

‘ಆಯಿ, ಮನಿಗೆ ಹೋದ ಮ್ಯಾಲೆ ಸೊಸಿ ಕೇಳತಾಳ, ಡಾಕ್ಟ್ರು ಏನ್ ಹೇಳಿದ್ರು ಅಂತ. ಏನ್ ಹೇಳ್ತೀರಿ?’

‘ಈ ದೊಡ್ಡ ಗುಳಿಗಿ ಮುಂಜಾನೆ ಒಂದ, ಸಂಜಿಕೆ ಒಂದ.’

‘ಊಟಕ್ಕ ಮದ್ಲೋ, ಆದ ಮ್ಯಾಲೋ?’

‘ಮದ್ಲ.’

‘ನಾ ಸರಿ ಹೇಳಿಲ್ಲ ಅನಸ್ತೈತಿ. ಊಟ ಆದ ಮ್ಯಾಲೆ ರಿ. ಇಲ್ಲಂದ್ರ ಹೊಟ್ಟಿ ತೊಳಸತೈತಿ. ಈಗ ಇನ್ನೊಮ್ಮೆ ಹೇಳ್ರಿ.’

ಇದಕ್ಕೆ ಅರ್ಧ ನಿಮಿಷ ಸಾಕು. ‘ನಾ ಸರಿ ಹೇಳಿಲ್ಲ’ ಎಂಬ ಮಾತನ್ನು ಬಿಡಬೇಡಿ. ತಪ್ಪು ಆಕೆಯದಲ್ಲ ಎಂದಾಗ ಮುಂದಿನ ಸಲ ತಿಳಿಯದ್ದನ್ನು ತಾನೇ ಕೇಳುತ್ತಾಳೆ. ಶುಗರ್‌ನ ಗುಳಿಗೆ ಮೆಟ್‌ಫಾರ್ಮಿನ್ ಊಟದ ನಂತರ ಎಂಬುದು ನಿಮಗೆ ಎಷ್ಟು ಸಹಜವೋ, ಆಕೆಗೆ ಅಷ್ಟೇ ಹೊಸದು.

ಈ ಭಾಗದಲ್ಲಿ ಮೂರು ಕಡೆ ಮತ್ತೆ ಮತ್ತೆ ಎಡವಟ್ಟಾಗುತ್ತದೆ. ಒಂದು, ಸರಬರಾಜು ಬದಲಾದಾಗ ಗುಳಿಗೆಯ ಬಣ್ಣ, ಗಾತ್ರ ಬದಲಾಗುತ್ತವೆ. ಹಳೆಯ ಬಿಳಿ ಗುಳಿಗೆ ಮನೆಯಲ್ಲಿ ಉಳಿದಿರುತ್ತದೆ, ಹೊಸ ಗುಲಾಬಿ ಗುಳಿಗೆ ಬೇರೆ ರೋಗಕ್ಕೆ ಎಂದುಕೊಂಡು ಎರಡನ್ನೂ ನುಂಗುತ್ತಾರೆ. ಬಿಪಿ ಇಳಿದು ಬಚ್ಚಲಲ್ಲಿ ಬೀಳುವ ಮುದುಕರಲ್ಲಿ ಇದನ್ನೊಮ್ಮೆ ಕೇಳಿ ನೋಡಿ. ಬರುವಾಗ ಮನೆಯಲ್ಲಿರುವ ಎಲ್ಲ ಗುಳಿಗೆ ಚೀಲದಲ್ಲಿ ಹಾಕಿಕೊಂಡು ಬರಲಿ. ಸ್ಟ್ರಿಪ್ ಕತ್ತರಿಸಿ ಕೊಟ್ಟರೆ ಹೆಸರೂ ತಾರೀಕೂ ಹೋಗುತ್ತವೆ, ಓದಲು ಬಾರದವರಿಗೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆದು ಕೊಡುವಂತೆ ಫಾರ್ಮಸಿಸ್ಟರಿಗೆ ಹೇಳಿ. ಎರಡು, ಉಪವಾಸ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ತೆಗೆದುಕೊಳ್ಳುವವರು ಏಕಾದಶಿ, ಶ್ರಾವಣ ಸೋಮವಾರ, ರಂಜಾನಿನ ರೋಜಾ ಹಿಡಿದು ಗುಳಿಗೆ ಮಾತ್ರ ತಪ್ಪಿಸದಿದ್ದರೆ ಶುಗರ್ ಇಳಿದು ಎಚ್ಚರ ತಪ್ಪಬಹುದು. ಉಪವಾಸ ಮಾಡುತ್ತೀರಾ ಎಂದು ಕೇಳುವುದೇ ಗೌರವ, ಕೇಳಿದ ಮೇಲೆ ಆ ದಿನದ ಡೋಸು ತಿದ್ದಿ ಕೊಡಿ. ಮೂರು, ಊಟದ ಸಲಹೆ. ‘ಅನ್ನ ಬಿಟ್ಟ ರೊಟ್ಟಿ ತಿನ್ರಿ’ ಎಂದು ಹೇಳಿ ಬಿಟ್ಟರೆ ಹಿಂದೆ ಎರಡು ತಿನ್ನುತ್ತಿದ್ದವರು ಐದು ರೊಟ್ಟಿ ತಿನ್ನುತ್ತಾರೆ. ಜೋಳದಲ್ಲೂ ಹಿಟ್ಟಿನಂಶ ಇದೆ, ಎಷ್ಟು ರೊಟ್ಟಿ ಎಂದು ಲೆಕ್ಕ ಹೇಳಿ. ಬಿಪಿಯವರಿಗೆ ಉಪ್ಪು ಕಡಿಮೆ ಎನ್ನುವ ಬದಲು, ದಿನಕ್ಕೆ 5 ಗ್ರಾಂ ಅಂದರೆ ಒಂದು ಚಹಾ ಚಮಚ ಎಂದು ತೋರಿಸಿ. ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳ ಅದರೊಳಗೇ ಬರಬೇಕು.

ಸೂಜಿಯ ವಿಷಯ ಚಿಕ್ಕದು. ಸೂಜಿ ಕೇಳುವವರು ನನ್ನ ತ್ರಾಸ ದೊಡ್ಡದು ಎಂದು ನೀವು ಒಪ್ಪಬೇಕು ಎನ್ನುತ್ತಿದ್ದಾರೆ. ಕೈ ಹಚ್ಚಿ ನೋಡಿ, ರೋಗದ ಹೆಸರು ಹೇಳಿ, ಎಷ್ಟು ದಿನ ಇರುತ್ತದೆ ಎಂದು ಹೇಳಿ: ‘ಜ್ವರ ಮೂರ ದಿನ ಇರತೈತಿ, ನಾಕನೇ ದಿನಾನೂ ಬಿಡಲಿಲ್ಲ, ಇಲ್ಲಾ ಉಚ್ಚಿ ಕಡಿಮಿ ಆತು, ಉಸರ ಹತ್ತಾಕತ್ತು ಅಂದ್ರ ಅವತ್ತ ಬರ್ರಿ.’ ಇಷ್ಟು ಹೇಳಿದರೆ ಅರ್ಧ ಜನ ಸೂಜಿ ಮರೆಯುತ್ತಾರೆ. ಉಳಿದವರಿಗೆ ನೀರಡಿಸಿದ ಮೈಗೆ ನೋವಿನ ಸೂಜಿ ಡೈಕ್ಲೋಫೆನಾಕ್ ಕಿಡ್ನಿಗೆ ಪೆಟ್ಟು ಎಂದೂ, ಕುಂಡೆಯ ತಪ್ಪು ಜಾಗಕ್ಕೆ ಚುಚ್ಚಿದರೆ ನರಕ್ಕೆ ತಾಗಿ ಪಾದ ಎತ್ತಲು ಬಾರದಂತಾಗುತ್ತದೆ ಎಂದೂ ನೇರ ಹೇಳಿ. ಅದಕ್ಕೂ ಒಪ್ಪದವರು ಊರಿನ ಇನ್ನೊಬ್ಬರ ಕಡೆ ಹೋಗುತ್ತಾರೆ, ಹೋಗಲಿ. ಬೈದು ಕಳಿಸಬೇಡಿ, ಮುಂದೆ ನಿಜವಾದ ಜಡ್ಡು ಬಂದಾಗ ನಿಮ್ಮ ಕಡೆಗೇ ಬರಬೇಕಲ್ಲ.

ಇನ್ನು ಆ ಅಜ್ಜನ ಮಾತು. ಮಕ್ಕಳು ಕೈ ಮುಗಿದದ್ದು ಪ್ರೀತಿಯಿಂದ. ಹೇಳಿದರೆ ಧೈರ್ಯಗೆಟ್ಟು ಅಲ್ಲೇ ಹೋಗಿಬಿಡುತ್ತಾನೆ ಎಂಬುದು ನಮ್ಮ ಮನೆಗಳ ಗಟ್ಟಿ ನಂಬಿಕೆ. ಹಾಗೆಂದು ಹೇಳದೆ ಕಳಿಸಿದರೆ ಗುಟ್ಟು ಉಳಿಯುವುದಿಲ್ಲ. ಹುಬ್ಬಳ್ಳಿ, ಬೆಳಗಾವಿ, ಮಿರಜ, ಸೊಲ್ಲಾಪುರ ಎಲ್ಲಿಗೆ ಒಯ್ದರೂ ವಾರ್ಡಿನ ಬೋರ್ಡು, ಪಕ್ಕದ ಬೆಂಚಿನವನ ಮಾತು, ಕೂದಲಿಲ್ಲದ ತಲೆಗಳು ಅವನಿಗೆ ತಿಳಿಸುತ್ತವೆ. ಆಗ ಮನೆಯವರೆಲ್ಲ ಸೇರಿ ತನಗೆ ಸುಳ್ಳು ಹೇಳಿದರು ಎಂಬುದು ರೋಗದ ಮೇಲೆ ಇನ್ನೊಂದು ನೋವು. ಕಾನೂನಿನ ಮಾತೂ ಇದೆ. 2002ರ ವೈದ್ಯಕೀಯ ನೀತಿ ನಿಯಮಾವಳಿ ರೋಗದ ಗಂಭೀರತೆಯನ್ನು ಹಿಗ್ಗಿಸಲೂ ಬಾರದು, ಕುಗ್ಗಿಸಲೂ ಬಾರದು ಎನ್ನುತ್ತದೆ. ತುರ್ತು ಇಲ್ಲದಾಗ ವಯಸ್ಕ, ಎಚ್ಚರವಿರುವ ರೋಗಿಯ ಒಪ್ಪಿಗೆಯನ್ನು ಅವನಿಂದಲೇ ಪಡೆಯಬೇಕು ಎಂದು ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ರೋಗದ ಹೆಸರೇ ಗೊತ್ತಿಲ್ಲದವನು ಆಪರೇಷನ್ನಿಗೆ ಹೆಬ್ಬೆಟ್ಟು ಒತ್ತಿದರೆ ಅದು ಎಂಥ ಒಪ್ಪಿಗೆ?

ಮಾಡುವ ಕ್ರಮ ಇದು. ಕೆಟ್ಟ ಸುದ್ದಿ ತಿಳಿಸಲು 2000ದಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರು ಕೂಡಿಸಿದ ಆರು ಹೆಜ್ಜೆಗಳನ್ನು ಎಲ್ಲ ಕಡೆ ಕಲಿಸುತ್ತಾರೆ. ನಮ್ಮಲ್ಲಿ ಅದಕ್ಕಿಂತ ಮೊದಲು ಇನ್ನೊಂದು ಹೆಜ್ಜೆ ಬೇಕು: ಮಕ್ಕಳೊಡನೆ ಕೂರುವುದು. ‘ಹೇಳಬ್ಯಾಡ್ರಿ’ ಎಂದಾಗ ‘ಆಗಂಗಿಲ್ಲ’ ಎನ್ನಬೇಡಿ, ‘ಆತು’ ಎಂದೂ ಒಪ್ಪಬೇಡಿ. ‘ಹೇಳಿದ್ರ ಏನ್ ಆಗತೈತಿ ಅಂತ ಅಂಜಿಕಿ ನಿಮಗ?’ ಎಂದು ಕೇಳಿ. ಉತ್ತರ ಪೂರ್ತಿ ಕೇಳಿಸಿಕೊಂಡು, ‘ನಾನಾಗೇ ಮಾರಿ ಮ್ಯಾಲೆ ಹೇಳಂಗಿಲ್ಲ. ಆದ್ರ ಅಜ್ಜಾರು ಕೇಳಿದ್ರ ಸುಳ್ಳೂ ಹೇಳಂಗಿಲ್ಲ. ಎಷ್ಟ ತಿಳ್ಕೋಬೇಕಂತ ಅವರನ್ನ ಕೇಳೋಣು’ ಎನ್ನಿ. ಬಹಳ ಮಕ್ಕಳು ಇದಕ್ಕೆ ಒಪ್ಪುತ್ತಾರೆ, ಹೇಳುವ ಹೊರೆ ತಮ್ಮ ತಲೆಯಿಂದ ಇಳಿಯಿತಲ್ಲ.

ಒಪಿಡಿ ಮುಗಿದ ಮೇಲೆ, 1 ಗಂಟೆಯ ನಂತರ ಕರೆಯಿರಿ. ಬಾಗಿಲು ಮುಚ್ಚಿ, ಫೋನು ಸಿಸ್ಟರ್ ಕೈಗೆ ಕೊಡಿ, ನೀವು ಕೂತುಕೊಳ್ಳಿ. ಕಾನ್ಸಾಸ್‌ನ ಒಂದು ಆಸ್ಪತ್ರೆಯಲ್ಲಿ ವೈದ್ಯರು ವಾರ್ಡಿನಲ್ಲಿ ಕೂತು ಮಾತಾಡಿದ ಸುಮಾರು 1 ನಿಮಿಷ ರೋಗಿಗಳಿಗೆ 5 ನಿಮಿಷದಷ್ಟು ಅನ್ನಿಸಿತ್ತು, ನಿಂತು ಮಾತಾಡಿದಾಗ ಅಷ್ಟು ಅನ್ನಿಸಲಿಲ್ಲ. ಮೊದಲು ಅಜ್ಜನಿಗೆ ಏನು ಗೊತ್ತಿದೆ ಎಂದು ತಿಳಿಯಿರಿ: ‘ರೊಟ್ಟಿ ಯಾಕ ಇಳಿವಲ್ದು ಅಂತ ನಿಮಗ ಏನ್ ಅನಸ್ತೈತ್ರಿ?’ ಬಹಳ ಸಲ ‘ಅದ ಇರಬೇಕ್ರಿ, ದೊಡ್ಡ ಜಡ್ಡ’ ಎಂದು ಅವರೇ ಹೇಳಿಬಿಡುತ್ತಾರೆ. ಮಕ್ಕಳು ಮುಚ್ಚಿಟ್ಟದ್ದು ಮಕ್ಕಳಿಗಷ್ಟೇ ಗುಟ್ಟಾಗಿತ್ತು ಎಂದು ಆಗ ಗೊತ್ತಾಗುತ್ತದೆ. ಮುಂದೆ, ‘ರಿಪೋರ್ಟ ಬಂದಾವ. ಎಲ್ಲಾ ನಿಮಗ ಹೇಳಲ್ಯೋ, ಮಗನ ಕಡೆ ಮಾತಾಡಿದ್ರ ನಡೀತೈತ್ಯೋ?’ ಮಗನ ಕಡೆ ಮಾತಾಡಿ ಎಂದರೆ ಅದು ಅವರ ಹಕ್ಕು, ಅಲ್ಲಿಗೆ ನಿಲ್ಲಿಸಿ, ಚೀಟಿಯಲ್ಲಿ ಹಾಗೆಂದು ಬರೆದಿಡಿ. ಹೇಳಿ ಎಂದರೆ ಮೊದಲು ಒಂದು ಮುನ್ಸೂಚನೆ: ‘ಸುದ್ದಿ ಅಷ್ಟ ಚಲೋ ಇಲ್ರಿ ಅಜ್ಜಾರ.’ ಒಂದು ಉಸಿರು ಬಿಟ್ಟು, ‘ಅನ್ನದ ನಳಿಗ್ಯಾಗ ಗಡ್ಡಿ ಐತಿ. ಅದು ಕ್ಯಾನ್ಸರ್.’ ಆ ಹೆಸರನ್ನು ಒಮ್ಮೆಯಾದರೂ ಉಚ್ಚರಿಸಿ. ಬರೀ ಗಡ್ಡೆ, ಹುಣ್ಣು ಎಂದರೆ ಗುಳಿಗೆಯಿಂದ ಹೋಗುತ್ತದೆ ಎಂದುಕೊಂಡು ರೇಡಿಯೇಷನ್ನಿಗೆ ಹೋಗದೆ ಉಳಿದುಬಿಡುತ್ತಾರೆ.

ಹೇಳಿದ ಮೇಲೆ ಬಾಯಿ ಮುಚ್ಚಿ. ಮನಸ್ಸಿನಲ್ಲಿ ಹತ್ತು ಎಣಿಸಿ. ಇಲ್ಲಿ ಎಲ್ಲರೂ ತಪ್ಪುತ್ತಾರೆ: ಸುಮ್ಮನಿರಲು ಆಗದೆ ಸ್ಟೇಜು, ಕೀಮೋ, ಸ್ಕ್ಯಾನು ಎಂದು ಸುರಿಯುತ್ತಾರೆ. ಆ ಹೊತ್ತಿಗೆ ಒಂದೂ ಕಿವಿಗೆ ಇಳಿಯುವುದಿಲ್ಲ. ಅತ್ತರೆ ಅಳಲಿ, ನೀರು ಕೊಡಿ, ‘ಅಳಬ್ಯಾಡ್ರಿ’ ಎನ್ನಬೇಡಿ. ‘ಧೈರ್ಯ ತಗೋರಿ’ ಎನ್ನುವುದೂ ಅಷ್ಟೇನೂ ಉಪಕಾರ ಮಾಡುವುದಿಲ್ಲ, ಅದು ಮಾತು ಮುಗಿಸುವ ಉಪಾಯ. ‘ಈಗ ಏನ್ ನಡದೈತ್ರಿ ಮನಸ್ನ್ಯಾಗ?’ ಎಂದು ಕೇಳಿ. ‘ಎಷ್ಟ ದಿನಾ ರಿ?’ ಎಂದರೆ ಮೂರು ತಿಂಗಳು, ಆರು ತಿಂಗಳು ಎಂದು ಗಡುವು ಕೊಡಬೇಡಿ, ಅದು ನಿಮಗೆ ಗೊತ್ತಿಲ್ಲ, ಮನೆಯವರು ಮಾತ್ರ ಕ್ಯಾಲೆಂಡರ್ ನೋಡುತ್ತ ಕೂರುತ್ತಾರೆ. ‘ದೊಡ್ಡ ದವಾಖಾನ್ಯಾಗ ಸ್ಕ್ಯಾನ್ ಆದ ಮ್ಯಾಲೆ ಎಲ್ಲಿತನ ಹಬ್ಬೇತಿ ತಿಳೀತೈತಿ, ಅವಾಗ ಮಾತಾಡೋಣು’ ಎನ್ನಿ. ಕೊನೆಗೆ ಇವತ್ತೇ ಮಾಡಬಹುದಾದ ಒಂದು ಕೆಲಸ ಹೇಳಿ: ನುಚ್ಚು, ಗಂಜಿ, ಹಾಲಲ್ಲಿ ನೆನೆಸಿದ ರೊಟ್ಟಿ ಸ್ವಲ್ಪ ಸ್ವಲ್ಪ, ದಿನಕ್ಕೆ ಆರೇಳು ಸಲ, ಉಂಡ ಮೇಲೆ ಅರ್ಧ ಗಂಟೆ ಮಲಗದೆ ಕೂರುವುದು. ‘ಇನ್ನೇನೂ ಮಾಡೂದು ಉಳಿದಿಲ್ಲ’ ಎಂಬ ಮಾತು ಯಾವ ಹಂತದಲ್ಲೂ ಬೇಡ, ಅದು ನಿಜವೂ ಅಲ್ಲ. ನೋವಿಗೆ ಬಾಯಿಂದ ಕೊಡುವ ಮಾರ್ಫಿನ್ ಇದೆ. 5ರಿಂದ 10 ಮಿ.ಗ್ರಾಂನಿಂದ ಶುರು ಮಾಡಿ, 4 ಗಂಟೆಗೊಮ್ಮೆ ಕೊಡುತ್ತಾರೆ. ಮಲಬದ್ಧತೆ ಖಂಡಿತ ಬರುವುದರಿಂದ ಮೊದಲ ದಿನವೇ ಅದಕ್ಕೂ ಔಷಧಿ ಬೇಕು. ಇದು ನಿಮ್ಮ ಕೇಂದ್ರದಲ್ಲಿ ಸಿಗದಿದ್ದರೂ, ಉಪಶಾಮಕ ಆರೈಕೆ (ನೋವು, ತ್ರಾಸ ತಗ್ಗಿಸುವ ಆರೈಕೆ) ಇರುವ ಆಸ್ಪತ್ರೆಗೆ ಕಳಿಸುವಾಗ ‘ನೋವಿನ ಗುಳಿಗಿ ಬೇಕಂತ ಕೇಳ್ರಿ’ ಎಂದು ಹೇಳಿ ಕಳಿಸಬಹುದು.

ನಿಮ್ಮ ಅಜ್ಜನಿಗೆ ಈಗಲೂ ತಡವಾಗಿಲ್ಲ. ಆಶಾ ಮೂಲಕ ಮನೆಯ ನಂಬರು ತೆಗೆದುಕೊಂಡು, ಮಗನಿಗೆ ಫೋನು ಮಾಡಿ, ಅಲ್ಲಿ ಏನೆಂದರು ಎಂದು ಕೇಳಿ. ಅಷ್ಟಕ್ಕೇ ಆ ಮನೆ ಮತ್ತೆ ನಿಮ್ಮ ಬಾಗಿಲಿಗೆ ಬರುತ್ತದೆ.

ಮುಂದೆ ಕಳಿಸುವುದು ಎಂದೆನಲ್ಲ, ‘ಬಾಗಲಕೋಟಿಗೆ ಒಯ್ಯರಿ’ ಎಂಬ ಎರಡು ಮಾತಿಗೆ ಹಳ್ಳಿಯವರು ಕಟ್ಟುವ ಅರ್ಥ ಕೈ ಬಿಟ್ಟರು ಎಂದು. ಯಾಕೆ ಕಳಿಸುತ್ತಿದ್ದೀರಿ, ಅಲ್ಲಿ ಮೊದಲು ಏನು ಮಾಡುತ್ತಾರೆ, ಏನೇನು ಒಯ್ಯಬೇಕು, ಈ ಮೂರನ್ನೂ ಹೇಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ರೇಷನ್ ಕಾರ್ಡು, ಆಧಾರ್, ನಿಮ್ಮ ಕೇಂದ್ರದ ರೆಫರಲ್ ಚೀಟಿ ಕೈಯಲ್ಲಿರಲಿ. ಗಡಿ ದಾಟಿ ಮಿರಜ, ಸಾಂಗಲಿಗೆ ಹೋಗುವವರು ಅಲ್ಲಿ ಈ ಕಾರ್ಡು ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಲಿ. ತುರ್ತು ಇದ್ದರೆ 108ಕ್ಕೆ ಹತ್ತಿಸುವ ಮೊದಲು ಅಲ್ಲಿನ ಡ್ಯೂಟಿ ಡಾಕ್ಟರಿಗೆ ನೀವೇ ಫೋನು ಮಾಡಿ. ಚೀಟಿಯಲ್ಲಿ ನಾಡಿ, ಬಿಪಿ, ಆಕ್ಸಿಜನ್ ಪ್ರಮಾಣ ನೋಡಿದ ಗಂಟೆ ಸಮೇತ, ಕೊಟ್ಟ ಔಷಧಿ ಡೋಸು ಸಮೇತ ಬರೆಯಿರಿ. ‘ರೆಫರ್ಡ್ ಟು ಹೈಯರ್ ಸೆಂಟರ್’ ಎಂಬ ಒಂದು ಸಾಲಿನ ಚೀಟಿ ಹಿಡಿದು ಹೋದವರನ್ನು ಅಲ್ಲಿ ಮತ್ತೆ ಮೊದಲಿನಿಂದ ನೋಡಬೇಕಾಗುತ್ತದೆ.

ಮೇಜು ಬಡಿದವನ ಬಗ್ಗೆ. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ನಮ್ಮ ರಾಜ್ಯದಲ್ಲಿ 2009ರಿಂದ ಪ್ರತ್ಯೇಕ ಕಾನೂನಿದೆ, ಕೈ ಎತ್ತಿದರೆ ಹಿಂಜರಿಯದೆ 112ಕ್ಕೆ ಕರೆ ಮಾಡಿ. ಕುಡಿದು ಬಂದವನ ಜೊತೆ, ಗುಂಪಿನ ಜೊತೆ ವಾದ ಬೇಡ, ನಿಮ್ಮ ಕುರ್ಚಿ ಮತ್ತು ಬಾಗಿಲ ನಡುವೆ ಯಾರೂ ಇರದಂತೆ ಕೋಣೆ ಜೋಡಿಸಿಕೊಳ್ಳಿ. ಆದರೆ ಹೆಚ್ಚಿನ ಕೂಗಾಟದ ಹಿಂದೆ ಇರುವುದು ಅಂಜಿಕೆ, ಮತ್ತು ಯಾರೂ ಏನೂ ಹೇಳದೆ ಎರಡು ತಾಸು ನಿಂತದ್ದು. ಅವನು ಕೂಗುವಾಗ ವಿವರಣೆ ಕೊಡಬೇಡಿ, ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ‘ಕುಂದರ್ರಿ, ಅವ್ವಂದು ಏನಾತು ಪೂರಾ ಹೇಳ್ರಿ’ ಎಂದು ದನಿ ತಗ್ಗಿಸಿ ಹೇಳಿ. ಕೂತವನಿಗೆ ಕೂಗುವುದು ಕಷ್ಟ. ತಡವಾದದ್ದು ನಿಜವಾದರೆ ‘ತಡ ಆಗೇತಿ, ಖರೆ’ ಎಂದು ಒಪ್ಪಿಕೊಳ್ಳಿ, ಅದರಿಂದ ಚಿಕಿತ್ಸೆಯ ತಪ್ಪು ಒಪ್ಪಿದಂತೆ ಆಗುವುದಿಲ್ಲ. ಕೇಸ್ ಪೇಪರ್ ಕೇಳಿದರೆ ಅಡ್ಡಿ ಮಾಡಬೇಡಿ. ದಾಖಲೆಯ ಪ್ರತಿಯನ್ನು 72 ಗಂಟೆಯೊಳಗೆ ಕೊಡಬೇಕು ಎಂದು ಅದೇ 2002ರ ನಿಯಮಾವಳಿ ಹೇಳುತ್ತದೆ. ಮುಚ್ಚಿಟ್ಟ ಕಾಗದ ಇಲ್ಲದ ತಪ್ಪನ್ನೂ ಹುಟ್ಟಿಸುತ್ತದೆ.

ಕಲ್ಲಾಗುತ್ತಿದ್ದೇನೆ ಎಂದಿರಿ. ಅದು ಗೊತ್ತಾಗುತ್ತಿದೆ ಎಂದರೆ ಇನ್ನೂ ಆಗಿಲ್ಲ, ಆದರೂ ಹಗುರವಾಗಿ ಬಿಡುವ ಮಾತಲ್ಲ. ಫಿಲಡೆಲ್ಫಿಯಾದ ವಿದ್ಯಾರ್ಥಿಗಳನ್ನು ವರ್ಷ ವರ್ಷ ಅಳೆದು ನೋಡಿದ 2009ರ ಅಧ್ಯಯನದಲ್ಲಿ ಪರರ ನೋವು ಅರಿಯುವ ಗುಣ ಕುಸಿದದ್ದು ಮೂರನೇ ವರ್ಷ, ಅಂದರೆ ನಿಜವಾದ ರೋಗಿಗಳನ್ನು ನೋಡಲು ಶುರು ಮಾಡಿದಾಗ. 60ನೇ ರೋಗಿಯ ಹೊತ್ತಿಗೆ ಮನಸ್ಸು ಮಂಕಾಗುವುದು ದುರ್ಗುಣವಲ್ಲ, ದಣಿವು. 11 ಗಂಟೆಗೆ ಹತ್ತು ನಿಮಿಷ ಎದ್ದು ಚಹಾ ಕುಡಿಯಿರಿ, ಫೋನು ನೋಡದೆ. ಆ ಹತ್ತು ನಿಮಿಷ ಕಳೆದರೆ ಮೇಲಿನ ಲೆಕ್ಕ ಒಪಿಡಿಯನ್ನು 1.10ಕ್ಕೆ ಒಯ್ಯುತ್ತದೆ, ಒಯ್ಯಲಿ. 9 ನಿಮಿಷ ಬೇಕಾದ ಐವರನ್ನು ಆದಷ್ಟು 11ರ ಒಳಗೆ ನೋಡಿ. ಕೇಂದ್ರದಲ್ಲಿ ಸಾವು ಆದ ದಿನ, ಆ ಪಾಳಿಯ ಸಿಸ್ಟರ್, ಅಟೆಂಡರ್ ಜೊತೆ ಐದು ನಿಮಿಷ ಕೂತು ಏನಾಯಿತು ಎಂದು ಮಾತಾಡಿಯೇ ಮನೆಗೆ ಹೋಗಿ. ಎರಡು ವಾರ ನಿದ್ದೆ ಸರಿ ಇಲ್ಲ, ಬೆಳಿಗ್ಗೆ ದವಾಖಾನೆ ನೆನೆದರೆ ಹೊಟ್ಟೆ ತೊಳಸುತ್ತದೆ, ಯಾರ ಅಳುವಿಗೂ ಏನೂ ಅನ್ನಿಸುವುದಿಲ್ಲ ಎಂದಾದರೆ ನೀವೇ ಒಬ್ಬ ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೂ ಮಾತಾಡಬಹುದು, ಡಾಕ್ಟರು ಎಂದು ಹೇಳಿಕೊಳ್ಳಬೇಕಾಗಿಯೂ ಇಲ್ಲ.